ಒಂದು ಕಪ್ ಎಂದರೆ ಎಷ್ಟು ಗ್ರಾಂ?

ಒಂದು ಕಪ್ ಅಕ್ಕಿ, ಒಂದು ಕಪ್ ಗೋಧಿ ಹಿಟ್ಟು, ಒಂದು ಕಪ್ ಸಕ್ಕರೆ. ಮೂರಕ್ಕೂ ಕಪ್ ಒಂದೇ. ಆದರೆ ತಕ್ಕಡಿಯಲ್ಲಿಟ್ಟರೆ ಮೂರರ ತೂಕವೂ ಬೇರೆ ಬೇರೆ. 240 ಮಿ.ಲೀ. ಹಿಡಿಯುವ ಕಪ್ಪಿನಲ್ಲಿ ಅಕ್ಕಿ ಸುಮಾರು 190 ಗ್ರಾಂ ಬರುತ್ತದೆ, ಸಕ್ಕರೆ 200 ಗ್ರಾಂ, ಗೋಧಿ ಹಿಟ್ಟು ಬರೀ 125 ಗ್ರಾಂ. ಕಪ್ ಅಳೆಯುವುದು ಜಾಗವನ್ನು, ತಕ್ಕಡಿ ಅಳೆಯುವುದು ಭಾರವನ್ನು. ಇವೆರಡೂ ಒಂದೇ ಅಲ್ಲ.

ಇದು ತಿಳಿಯದಿದ್ದರೆ ದಿನನಿತ್ಯದ ಸಾರು, ಪಲ್ಯ ಕೆಡುವುದಿಲ್ಲ ನಿಜ. ಅನುಭವವುಳ್ಳ ಗೃಹಿಣಿಗೆ ಕೈಯೇ ಅಳತೆ. ಆದರೆ ಮನೆಯಲ್ಲಿ ರಕ್ತದೊತ್ತಡದವರು, ಮಧುಮೇಹಿಗಳು ಇದ್ದರೆ, ಹಾಲುಪುಡಿ ಕುಡಿಯುವ ಮಗು ಇದ್ದರೆ, ಭೇದಿಯಾದ ಮಗುವಿಗೆ ಉಪ್ಪು-ಸಕ್ಕರೆ ನೀರು ಮಾಡಿಕೊಡಬೇಕಾಗಿ ಬಂದರೆ ಕೈ ಅಳತೆ ಸಾಲುವುದಿಲ್ಲ. ವೈದ್ಯರು ಹೇಳುವುದು ಗ್ರಾಂ ಲೆಕ್ಕದಲ್ಲಿ, ನಮ್ಮ ಕೈಯಲ್ಲಿರುವುದು ಚಮಚ. ಈ ಎರಡರ ನಡುವಿನ ಲೆಕ್ಕವನ್ನು ಪ್ರತಿ ಮನೆಯೂ ಒಮ್ಮೆ ಕಲಿತಿಟ್ಟುಕೊಳ್ಳುವುದು ಒಳ್ಳೆಯದು.

ಅಳತೆ ಬೇರೆ, ತೂಕ ಬೇರೆ

ಇದು ಹೊಸ ವಿಷಯವೇನಲ್ಲ. ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದ 35ನೇ ವಚನದಲ್ಲಿ ಅಳೆದು ಕೊಡುವುದನ್ನೂ ತೂಗಿ ಕೊಡುವುದನ್ನೂ ಬೇರೆ ಬೇರೆಯಾಗಿಯೇ ಹೆಸರಿಸಲಾಗಿದೆ. ಪ್ರವಾದಿ(ಸ)ಯವರ ಕಾಲದ ಮದೀನದಲ್ಲಿ ಧಾನ್ಯ ಮತ್ತು ಖರ್ಜೂರಗಳಿಗೆ ಬಳಸುತ್ತಿದ್ದ ಮುದ್ದ್ ಮತ್ತು ಸ್ವಾಅ್ ತೂಕಗಳಲ್ಲ, ಅಳತೆಗಳು. ಸಾಧಾರಣ ಕೈಯ ಒಂದು ಬೊಗಸೆ ಒಂದು ಮುದ್ದ್. ನಾಲ್ಕು ಮುದ್ದ್ ಸೇರಿದರೆ ಒಂದು ಸ್ವಾಅ್.

ಫಿತ್ರ್ ಝಕಾತಿನ ತೂಕ ಎರಡೂವರೆ ಕಿಲೋ ಎಂದು ಒಬ್ಬರು, ಮೂರು ಕಿಲೋ ಎಂದು ಇನ್ನೊಬ್ಬರು ಹೇಳುವುದನ್ನು ನೀವು ಕೇಳಿರಬಹುದು. ಇದಕ್ಕೆ ಒಂದು ಮುಖ್ಯ ಕಾರಣ ಇಲ್ಲಿದೆ. ಮೂಲದಲ್ಲಿರುವುದು ಅಳತೆ, ನಾವು ಅದನ್ನು ತೂಕಕ್ಕೆ ಬದಲಾಯಿಸುತ್ತಿದ್ದೇವೆ. ಉದಾಹರಣೆಗೆ, 3 ಲೀಟರ್ ಹಿಡಿಯುವ ಪಾತ್ರೆಯೊಂದನ್ನು ತೆಗೆದುಕೊಳ್ಳಿ. ಅದರ ತುಂಬ ಅಕ್ಕಿ ಹಾಕಿದರೆ ಸುಮಾರು 2.4 ಕಿಲೋ. ಅದೇ ಪಾತ್ರೆಯ ತುಂಬ ಗೋಧಿ ಹಿಟ್ಟು ಹಾಕಿದರೆ 1.5 ಕಿಲೋಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಪಾತ್ರೆ ಬದಲಾಗಲಿಲ್ಲ, ಒಳಗಿನ ವಸ್ತು ಬದಲಾಯಿತು. ಆದ್ದರಿಂದ ಯಾವ ಧಾನ್ಯಕ್ಕೆ ಎಷ್ಟು ಎಂಬುದನ್ನು ನಿಮ್ಮ ಊರಿನ ಉಲಮಾಗಳನ್ನು ಕೇಳಿ ಅದರಂತೆ ನಡೆಯಿರಿ.

ನಮ್ಮ ಹಿರಿಯರೂ ಹೀಗೆಯೇ ಅಳೆಯುತ್ತಿದ್ದರು. ಕರಾವಳಿಯ ಕುಡ್ತೆ, ಘಟ್ಟದ ಮೇಲಿನ ಪಾವು, ಸೇರು ಎಲ್ಲವೂ ಜಾಗದ ಅಳತೆಗಳೇ. ದೇಶದಲ್ಲಿ 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ತೂಕಗಳು ಬಳಕೆಗೆ ಬರತೊಡಗಿದವು. ಅಂಗಡಿಯಲ್ಲಿ ಕಿಲೋ, ಗ್ರಾಂ ಬಂತು. ಅಡುಗೆಮನೆಯಲ್ಲಿ ಮಾತ್ರ ಲೋಟ, ಚಮಚಗಳೇ ಉಳಿದವು. ಹೀಗಾಗಿ ನಾವು ತೂಗಿ ತರುತ್ತೇವೆ, ಅಳೆದು ಬೇಯಿಸುತ್ತೇವೆ.

ಯಾವ ಕಪ್, ಯಾವ ಚಮಚ?

ಅಡುಗೆ ಪುಸ್ತಕದಲ್ಲಿ 'ಕಪ್' ಎಂದು ಬರೆದಿದ್ದರೆ ಅದು ಚಹಾ ಕಪ್ ಅಲ್ಲ. ಅಮೆರಿಕದ ಕಪ್ ಸುಮಾರು 240 ಮಿ.ಲೀ., ಮೆಟ್ರಿಕ್ ಕಪ್ 250 ಮಿ.ಲೀ. ಸಣ್ಣ ಚಮಚ, ಅಂದರೆ ಟೀ ಚಮಚ 5 ಮಿ.ಲೀ. ದೊಡ್ಡ ಚಮಚ, ಅಂದರೆ ಟೇಬಲ್ ಚಮಚ 15 ಮಿ.ಲೀ. ಒಂದು ದೊಡ್ಡ ಚಮಚಕ್ಕೆ ಮೂರು ಸಣ್ಣ ಚಮಚ. ಆಸ್ಟ್ರೇಲಿಯದಲ್ಲಿ ಮಾತ್ರ ದೊಡ್ಡ ಚಮಚ 20 ಮಿ.ಲೀ. ಇದೆ. ಹೊರದೇಶದಲ್ಲಿರುವ ಮಗಳು ಅಲ್ಲಿಂದ ಅಡುಗೆಯ ವಿಧಾನ ಬರೆದು ಕಳಿಸಿದರೆ ಅವಳ ಕಪ್ ಯಾವುದೆಂದು ಒಮ್ಮೆ ಕೇಳಿಕೊಳ್ಳಿ.

ಮನೆಯಲ್ಲಿ ಚಹಾ ಕಲಕುವ ಚಮಚಗಳು ಒಂದೇ ಗಾತ್ರದಲ್ಲಿರುವುದಿಲ್ಲ. ಕೆಲವು 5 ಮಿ.ಲೀ.ಗಿಂತ ಕಡಿಮೆ ಹಿಡಿಯುತ್ತವೆ, ಕೆಲವು ಹೆಚ್ಚು. ಅಳತೆ ಚಮಚಗಳ ಒಂದು ಸೆಟ್ ಪಾತ್ರೆ ಅಂಗಡಿಯಲ್ಲಿ ಅಗ್ಗದಲ್ಲೇ ಸಿಗುತ್ತದೆ. ಒಂದನ್ನು ತಂದಿಟ್ಟುಕೊಳ್ಳಿ.

ತುಂಬುವ ರೀತಿಯೂ ಮುಖ್ಯ. ಇಲ್ಲಿ ಹೇಳುವ ಅಳತೆಗಳೆಲ್ಲ ಮಟ್ಟಸ ಅಳತೆಗಳು. ಅಂದರೆ ಚಮಚ ತುಂಬಿದ ಮೇಲೆ ಚಾಕುವಿನ ಬೆನ್ನಿನಿಂದ ಮೇಲಿನದನ್ನು ಸವರಿ ಸಮ ಮಾಡಬೇಕು. ಗೋಪುರದಂತೆ ತುಂಬಿದ ಚಮಚದಲ್ಲಿ ಒಂದೂವರೆ ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಇರುತ್ತದೆ. ಹಿಟ್ಟನ್ನು ಚಮಚದಿಂದ ಹಗುರವಾಗಿ ಹಾಕಿದರೆ ಒಂದು ಕಪ್ ಮೈದಾ 120 ಗ್ರಾಂ. ಕಪ್ಪನ್ನೇ ಡಬ್ಬಿಗೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂ ವರೆಗೂ ಹೋಗುತ್ತದೆ. ಕೇಕ್ ಗಟ್ಟಿಯಾಯಿತೆಂದು ಬೇಸರಪಡುವವರು ಮೊದಲು ಇದನ್ನು ಗಮನಿಸಬೇಕು.

ಮನೆಗೊಂದು ಪಟ್ಟಿ

240 ಮಿ.ಲೀ. ಕಪ್ಪಿಗೆ, ಮಟ್ಟಸ ಅಳತೆಯಲ್ಲಿ, ಅಂದಾಜು ತೂಕ ಹೀಗಿದೆ:

ನೀರು – 240 ಗ್ರಾಂ
ಹಾಲು – 247 ಗ್ರಾಂ
ಅಡುಗೆ ಎಣ್ಣೆ – 220 ಗ್ರಾಂ
ಕರಗಿದ ತುಪ್ಪ – 218 ಗ್ರಾಂ
ಜೇನು – 340 ಗ್ರಾಂ
ಸಕ್ಕರೆ – 200 ಗ್ರಾಂ
ಅಕ್ಕಿ – 190 ಗ್ರಾಂ
ತೊಗರಿ ಬೇಳೆ – 200 ಗ್ರಾಂ
ರವೆ – 165 ಗ್ರಾಂ
ಅಕ್ಕಿ ಹಿಟ್ಟು – 155 ಗ್ರಾಂ
ಗೋಧಿ ಹಿಟ್ಟು – 125 ಗ್ರಾಂ
ಮೈದಾ – 120 ಗ್ರಾಂ
ಹಸಿ ತೆಂಗಿನ ತುರಿ – 80 ಗ್ರಾಂ

ಒಂದು ಸಣ್ಣ ಚಮಚಕ್ಕೆ (5 ಮಿ.ಲೀ.): ಪುಡಿ ಉಪ್ಪು 6 ಗ್ರಾಂ, ಸಕ್ಕರೆ 4 ಗ್ರಾಂ, ಎಣ್ಣೆ 4.5 ಗ್ರಾಂ, ಅರಿಶಿನ ಪುಡಿ 3 ಗ್ರಾಂ.

ನೀರಿಗೆ ಮಾತ್ರ ಮಿ.ಲೀ. ಮತ್ತು ಗ್ರಾಂ ಸಮ. ಹಾಲು ಅದಕ್ಕೆ ಹತ್ತಿರ. ಎಣ್ಣೆ ನೀರಿಗಿಂತ ಹಗುರ, ಆದ್ದರಿಂದಲೇ ಅದು ನೀರಿನ ಮೇಲೆ ತೇಲುತ್ತದೆ. ಒಂದು ಲೀಟರ್ ಎಣ್ಣೆಯ ಪ್ಯಾಕೆಟ್ ಮೇಲೆ 910 ಗ್ರಾಂ ಎಂದು ಮುದ್ರಿಸಿರುವುದನ್ನು ನೋಡಿರಬಹುದು. ಕಿಲೋ ಲೆಕ್ಕದ ಡಬ್ಬಿಗೂ ಲೀಟರ್ ಲೆಕ್ಕದ ಡಬ್ಬಿಗೂ ಬೆಲೆ ಹೋಲಿಸುವಾಗ ಇದು ನೆನಪಿರಲಿ. ಒಂದು ಕಿಲೋ ಎಣ್ಣೆ ಅಥವಾ ತುಪ್ಪವೆಂದರೆ ಸುಮಾರು 1.1 ಲೀಟರ್.

ಮನೆಯಲ್ಲೇ ಪರೀಕ್ಷಿಸಿ

ನಿಮ್ಮ ಅಕ್ಕಿ, ನಿಮ್ಮ ಲೋಟ ಈ ಪಟ್ಟಿಗೆ ಸರಿಹೊಂದದೇ ಇರಬಹುದು. ತಕ್ಕಡಿ ಇಲ್ಲದಿದ್ದರೂ ನಿಮ್ಮದೇ ಪಟ್ಟಿ ಮಾಡಬಹುದು. ಒಂದು ಲೀಟರ್ ನೀರಿನ ಬಾಟಲಿಯಿಂದ ನಿಮ್ಮ ಲೋಟವನ್ನು ಅಂಚಿನವರೆಗೆ ತುಂಬಿಸುತ್ತಾ ಎಣಿಸಿ. ಐದು ಲೋಟ ಆದರೆ ಲೋಟ 200 ಮಿ.ಲೀ. ನಾಲ್ಕು ಆದರೆ 250. ಆಮೇಲೆ ಒಂದು ಕಿಲೋ ಸಕ್ಕರೆ ಪ್ಯಾಕೆಟ್ ಒಡೆದು ಅದೇ ಲೋಟದಲ್ಲಿ ಮಟ್ಟಸವಾಗಿ ಅಳೆಯಿರಿ. ಆರು ಲೋಟ ಬಂದರೆ ಲೋಟಕ್ಕೆ ಸುಮಾರು 165 ಗ್ರಾಂ ಎಂದಾಯಿತು. ಅಕ್ಕಿ, ರವೆ, ಹಿಟ್ಟು – ತಿಂಗಳ ಸಾಮಾನು ತಂದ ದಿನ ಒಂದೊಂದನ್ನೇ ಹೀಗೆ ಅಳೆದರೆ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ.

ಡಿಜಿಟಲ್ ತಕ್ಕಡಿ ಇದ್ದರೆ ಇನ್ನೂ ಸುಲಭ. ಖಾಲಿ ಪಾತ್ರೆ ಇಟ್ಟು 'ಟೇರ್' ಗುಂಡಿ ಒತ್ತಿದರೆ ಪಾತ್ರೆಯ ತೂಕ ಕಳೆದು ಸೊನ್ನೆ ತೋರಿಸುತ್ತದೆ. ಆದರೆ ಸಾಮಾನ್ಯ ಅಡುಗೆ ತಕ್ಕಡಿಗೆ ಎರಡು ಮೂರು ಗ್ರಾಂ ತೂಕ ಸರಿಯಾಗಿ ಗೊತ್ತಾಗುವುದಿಲ್ಲ. ಆದ್ದರಿಂದ ಹೆಚ್ಚು ಪ್ರಮಾಣಕ್ಕೆ ತಕ್ಕಡಿ, ಕಡಿಮೆ ಪ್ರಮಾಣಕ್ಕೆ ಚಮಚ ಎಂದು ಇಟ್ಟುಕೊಳ್ಳಿ. ನಿಮ್ಮ ಚಮಚದಲ್ಲಿ ಎಷ್ಟು ಉಪ್ಪು ಹಿಡಿಯುತ್ತದೆಂದು ತಿಳಿಯಲು ಹತ್ತು ಚಮಚ ಹಾಕಿ ತೂಗಿ, ಬಂದುದನ್ನು ಹತ್ತರಿಂದ ಭಾಗಿಸಿ.

ಅಕ್ಕಿ ಕಿಲೋದಲ್ಲಿ, ನೀರು ಲೀಟರಿನಲ್ಲಿ

ತುಪ್ಪದನ್ನ ಮಾಡುವಾಗ ಒಂದು ಕಪ್ ಅಕ್ಕಿಗೆ ಒಂದೂವರೆ ಕಪ್ ನೀರು ಎನ್ನುತ್ತೇವೆ. ಹಾಗಾದರೆ ಒಂದು ಕಿಲೋ ಅಕ್ಕಿಗೆ ಒಂದೂವರೆ ಲೀಟರ್ ನೀರು ಎಂದುಕೊಂಡರೆ ಅನ್ನ ಬೇಯುವುದಿಲ್ಲ. ಒಂದು ಕಿಲೋ ಅಕ್ಕಿ ಎಂದರೆ ಐದೂಕಾಲು ಕಪ್. ಅದರ ಒಂದೂವರೆ ಪಾಲು ಸುಮಾರು ಎಂಟು ಕಪ್, ಅಂದರೆ 1.9 ಲೀಟರ್ ನೀರು. ಕಪ್ಪಿನ ಲೆಕ್ಕ ಹಿಡಿದರೆ ಕೊನೆಯವರೆಗೂ ಕಪ್ಪಿನಲ್ಲೇ ಇರಬೇಕು. ನಡುವೆ ಕಿಲೋಗೆ ಹಾರಬಾರದು. ದೊಡ್ಡ ಪಾತ್ರೆಯಲ್ಲಿ ಮುಚ್ಚಿ ಬೇಯಿಸುವಾಗ ಅಕ್ಕಿಯ ಪ್ರಮಾಣಕ್ಕೆ ಹೋಲಿಸಿದರೆ ಆವಿಯಾಗಿ ಹೋಗುವ ನೀರು ಕಡಿಮೆ. ಆದ್ದರಿಂದ ಇಫ್ತಾರ್ ಅಥವಾ ಮದುವೆಯ ಅಡುಗೆಯಲ್ಲಿ ಅನುಭವಿ ಬಾಣಸಿಗರು ಈ ಲೆಕ್ಕದಲ್ಲೂ ಸ್ವಲ್ಪ ನೀರು ಕಡಿಮೆ ಮಾಡುತ್ತಾರೆ.

ಮಧುಮೇಹಿಗಳಿಗೆ ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಆಹಾರ ತಜ್ಞರು ಚೀಟಿಯಲ್ಲಿ 'ಅಕ್ಕಿ 30 ಗ್ರಾಂ' ಎಂದು ಬರೆದಿದ್ದರೆ ಅದು ಬೇಯಿಸುವ ಮೊದಲಿನ ತೂಕವೋ, ಅನ್ನವಾದ ಮೇಲಿನ ತೂಕವೋ ಎಂದು ಅವರನ್ನೇ ಕೇಳಿ. 30 ಗ್ರಾಂ ಅಕ್ಕಿ ಎಂದರೆ ಎರಡೂವರೆ ದೊಡ್ಡ ಚಮಚ. ಅದು ಬೆಂದು ಸುಮಾರು ಅರ್ಧ ಕಪ್ ಅನ್ನವಾಗುತ್ತದೆ. 30 ಗ್ರಾಂ ಅನ್ನವಾದರೋ ಎರಡು ಮೂರು ತುತ್ತು ಮಾತ್ರ. ತಪ್ಪು ತಿಳಿದವರು ಹಸಿದುಕೊಂಡಿರುತ್ತಾರೆ, ಇಲ್ಲವೇ ಮೂರು ಪಾಲು ತಿನ್ನುತ್ತಾರೆ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಎರಡೂ ಅಪಾಯಕಾರಿ.

ಉಪ್ಪು: ಪ್ಯಾಕೆಟ್ಟೇ ಹೇಳುತ್ತದೆ

ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಕ್ಕಳಿಗೆ ಇನ್ನೂ ಕಡಿಮೆ. ಒಂದು ಮಟ್ಟಸ ಸಣ್ಣ ಚಮಚದಲ್ಲೇ 6 ಗ್ರಾಂ ಇರುವುದರಿಂದ, ದಿನದ ಮಿತಿ ಒಂದು ಚಮಚಕ್ಕಿಂತ ಸ್ವಲ್ಪ ಕಡಿಮೆ ಎಂದಾಯಿತು.

ನಿಮ್ಮ ಮನೆಯಲ್ಲಿ ಎಷ್ಟು ಉಪ್ಪು ಖರ್ಚಾಗುತ್ತಿದೆ ಎಂದು ತಿಳಿಯಲು ಚಮಚ ಎಣಿಸಬೇಕಾಗಿಲ್ಲ. ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ಐದು ಜನರ ಮನೆಯಲ್ಲಿ ಒಂದು ಕಿಲೋ ಉಪ್ಪು 30 ದಿನಗಳಲ್ಲಿ ಮುಗಿದರೆ, ತಲೆಗೆ ದಿನಕ್ಕೆ ಸುಮಾರು 6.7 ಗ್ರಾಂ. ಐದು ಜನರಿಗೆ ತಿಂಗಳಿಗೆ 750 ಗ್ರಾಂ ಎಂಬುದೇ ಮೇಲ್ಮಿತಿ. ಮೀನು ತೊಳೆಯಲು ಬಳಸಿದ್ದು, ಬಸಿದ ನೀರಿನಲ್ಲಿ ಹೋದದ್ದು ಸ್ವಲ್ಪ ಕಳೆಯಬಹುದು. ಆದರೆ ಹೊರಗಿನಿಂದ ತಂದ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಬೇಕರಿ ತಿಂಡಿಗಳಲ್ಲಿರುವ ಉಪ್ಪು ಈ ಲೆಕ್ಕಕ್ಕೆ ಬಂದೇ ಇಲ್ಲ.

ಕಲ್ಲುಪ್ಪಿನ ವಿಷಯದಲ್ಲಿ ಹಲವರಿಗೆ ತಪ್ಪು ಕಲ್ಪನೆ ಇದೆ. ಹರಳುಗಳ ನಡುವೆ ಗಾಳಿಯ ಸಂದು ಇರುವುದರಿಂದ ಒಂದು ಚಮಚ ಕಲ್ಲುಪ್ಪು ಒಂದು ಚಮಚ ಪುಡಿ ಉಪ್ಪಿಗಿಂತ ಕಡಿಮೆ ತೂಗುತ್ತದೆ. ತೂಕ ಸಮವಾದರೆ ಎರಡರಲ್ಲೂ ರಕ್ತದೊತ್ತಡ ಏರಿಸುವ ಸೋಡಿಯಂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಕಲ್ಲುಪ್ಪು ಬಳಸುತ್ತಿದ್ದವರು ಪುಡಿ ಉಪ್ಪಿಗೆ ಬದಲಾದಾಗ ಅದೇ ಚಮಚದ ಲೆಕ್ಕ ಮುಂದುವರಿಸಿದರೆ ತಿಳಿಯದೆಯೇ ಹೆಚ್ಚು ಉಪ್ಪು ಬೀಳುತ್ತದೆ.

ಸಕ್ಕರೆ ಮತ್ತು ಎಣ್ಣೆ

ಶರಬತ್ತಿನ ಒಂದು ಲೋಟಕ್ಕೆ ಎರಡು ದೊಡ್ಡ ಚಮಚ ಸಕ್ಕರೆ ಎಂದರೆ ಮಟ್ಟಸವಾಗಿ ಹಾಕಿದರೂ 25 ಗ್ರಾಂ. ಗೋಪುರ ಚಮಚವಾದರೆ 35 ಗ್ರಾಂ ದಾಟುತ್ತದೆ. ಇಡೀ ದಿನಕ್ಕೆ ಸೇರಿಸಿಕೊಳ್ಳುವ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಉತ್ತಮ ಎಂಬುದು ಸಾಮಾನ್ಯ ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಸಲಹೆಯ ಸಾರಾಂಶ. ಉಪವಾಸ ತೊರೆಯುವಾಗ ಎರಡು ಲೋಟ ಶರಬತ್ತು ಕುಡಿದರೆ ಆ ದಿನದ ಪಾಲು ಅಲ್ಲೇ ಮುಗಿಯಿತು. ಜೇನು ಹಾಕಿದರೆ ತೊಂದರೆಯಿಲ್ಲ ಎಂದು ಭಾವಿಸಬೇಡಿ. ಅದು ಸಕ್ಕರೆಗಿಂತ ಭಾರ. ಒಂದು ದೊಡ್ಡ ಚಮಚ ಜೇನು 21 ಗ್ರಾಂ ತೂಗುತ್ತದೆ, ಅದರ ಹೆಚ್ಚಿನ ಪಾಲು ಸಕ್ಕರೆಯೇ.

ಎಣ್ಣೆಯ ಒಂದು ಗ್ರಾಂ 9 ಕ್ಯಾಲೊರಿ. ಒಂದು ದೊಡ್ಡ ಚಮಚ ಸುಮಾರು 14 ಗ್ರಾಂ, ಅಂದರೆ 120 ಕ್ಯಾಲೊರಿಯಷ್ಟು. ಐದು ಜನರ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಮುಗಿದರೆ ಒಬ್ಬರಿಗೆ ದಿನಕ್ಕೆ 30 ಗ್ರಾಂ ಬೀಳುತ್ತದೆ. ತುಪ್ಪ, ತೆಂಗಿನಕಾಯಿ, ಮಾಂಸದ ಕೊಬ್ಬು ಬೇರೆ. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕುವ ಅಭ್ಯಾಸ ಮಾಡಿದರೆ ಖರ್ಚೂ ತಗ್ಗುತ್ತದೆ, ಕೊಬ್ಬೂ ತಗ್ಗುತ್ತದೆ.

ಮಕ್ಕಳ ವಿಷಯದಲ್ಲಿ ಅಂದಾಜು ಬೇಡ

ಭೇದಿಯಾದ ಮಗುವಿಗೆ ಓ.ಆರ್.ಎಸ್. ಕೊಡುವಾಗ ಮೊದಲು ಪೊಟ್ಟಣದ ಮೇಲಿನ ಬರಹ ಓದಿ. ಒಂದು ಲೀಟರ್ ನೀರಿಗೆ ಹಾಕುವ ದೊಡ್ಡ ಪೊಟ್ಟಣಗಳೂ ಇವೆ, 200 ಮಿ.ಲೀ. ನೀರಿಗೆ ಹಾಕುವ ಚಿಕ್ಕವೂ ಇವೆ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಹಾಕಿದರೆ ದ್ರಾವಣ ಐದು ಪಟ್ಟು ಗಾಢವಾಗುತ್ತದೆ. ಮೊದಲೇ ನೀರು ಕಳೆದುಕೊಂಡ ಮಗುವಿನ ರಕ್ತದಲ್ಲಿ ಉಪ್ಪಿನ ಅಂಶ ಏರಿ ಪ್ರಾಣಕ್ಕೇ ಕುತ್ತು ಬರಬಹುದು. ಪೊಟ್ಟಣವನ್ನು ಭಾಗ ಮಾಡಿ ಬಳಸಬೇಡಿ. ಪೂರ್ತಿ ಪೊಟ್ಟಣವನ್ನು ಹೇಳಿದಷ್ಟು ಶುದ್ಧ ನೀರಿಗೆ ಹಾಕಿ, 24 ಗಂಟೆಯೊಳಗೆ ಮುಗಿಸಿ, ಉಳಿದುದನ್ನು ಚೆಲ್ಲಿಬಿಡಿ.

ಪೊಟ್ಟಣ ಸಿಗುವ ತನಕ ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಸಣ್ಣ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಸಣ್ಣ ಚಮಚ ಪುಡಿ ಉಪ್ಪು. ತೂಕದಲ್ಲಿ ಸುಮಾರು 25 ಗ್ರಾಂ ಸಕ್ಕರೆ, 3 ಗ್ರಾಂ ಉಪ್ಪು. ಕೊಡುವ ಮೊದಲು ನೀವು ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಅದನ್ನು ಚೆಲ್ಲಿ ಹೊಸದಾಗಿ ಮಾಡಿ. ಮಗು ಮಂಕಾಗಿದ್ದರೆ, ಕುಡಿದುದೆಲ್ಲ ವಾಂತಿಯಾದರೆ, ಭೇದಿಯಲ್ಲಿ ರಕ್ತ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹಾಲುಪುಡಿಯ ಡಬ್ಬಿಯೊಳಗೆ ಒಂದು ಪುಟ್ಟ ಚಮಚ ಇರುತ್ತದೆ. ಅದು ಆ ಡಬ್ಬಿಗೆ ಮಾತ್ರ ಸಂಬಂಧಿಸಿದ್ದು. ಇನ್ನೊಂದು ಕಂಪೆನಿಯ ಚಮಚದಲ್ಲಿ ಬೇರೆಯೇ ತೂಕ ಹಿಡಿಯಬಹುದು. ಮೊದಲು ನೀರು ಅಳೆಯಿರಿ, ಆಮೇಲೆ ಒತ್ತದೆ ಮಟ್ಟಸವಾಗಿ ಸವರಿದ ಪುಡಿ ಹಾಕಿ. ಮಗು ಬೇಗ ದಪ್ಪವಾಗಲೆಂದು ಒಂದು ಚಮಚ ಹೆಚ್ಚಿಗೆ ಹಾಕಿದರೆ ಮಗುವಿನ ಮೂತ್ರಪಿಂಡಕ್ಕೆ ಹೊರೆ. ಡಬ್ಬಿ ಹೆಚ್ಚು ದಿನ ಬರಲೆಂದು ಕಡಿಮೆ ಹಾಕಿದರೆ ಹೊಟ್ಟೆ ತುಂಬಿದಂತೆ ಕಂಡರೂ ಪೋಷಣೆ ಸಿಗುವುದಿಲ್ಲ.

ಔಷಧಿಯಲ್ಲೂ ಇದೇ ಗೊಂದಲ ಇದೆ. ಮಿ.ಗ್ರಾಂ ಎಂಬುದು ಮದ್ದಿನ ತೂಕ, ಮಿ.ಲೀ. ಎಂಬುದು ಕುಡಿಸುವ ದ್ರವದ ಅಳತೆ. ಜ್ವರದ ಪ್ಯಾರಾಸಿಟಮಾಲ್ ಸಿರಪ್ 5 ಮಿ.ಲೀ.ನಲ್ಲಿ 125 ಮಿ.ಗ್ರಾಂ ಇರುವುದೂ ಸಿಗುತ್ತದೆ, 250 ಮಿ.ಗ್ರಾಂ ಇರುವುದೂ ಸಿಗುತ್ತದೆ. ಬಾಟಲಿ ಬದಲಾದಾಗ ಹಳೆಯ ಅಳತೆಯನ್ನೇ ಕೊಟ್ಟರೆ ಮದ್ದು ಇಮ್ಮಡಿಯಾಗಬಹುದು, ಅರ್ಧಕ್ಕೆ ಇಳಿಯಲೂಬಹುದು. ಸಿರಪ್ಪಿಗೆ ಅಡುಗೆ ಚಮಚ ಬಳಸದೆ ಬಾಟಲಿಯ ಜೊತೆ ಬರುವ ಗೆರೆ ಹಾಕಿದ ಮುಚ್ಚಳ ಅಥವಾ ಸಿರಿಂಜನ್ನೇ ಬಳಸಿ. ಪ್ರತಿ ಸಲವೂ ತೊಳೆದು ಒಣಗಿಸಿಡಿ.

ಇಷ್ಟು ಮಾಡಿ

ನಿಮ್ಮ ಲೋಟ ಎಷ್ಟು ಮಿ.ಲೀ., ಅದರಲ್ಲಿ ಅಕ್ಕಿ, ಸಕ್ಕರೆ, ಹಿಟ್ಟು, ಎಣ್ಣೆ ಎಷ್ಟೆಷ್ಟು ಗ್ರಾಂ ಹಿಡಿಯುತ್ತದೆ ಎಂದು ಒಂದು ಕಾಗದದಲ್ಲಿ ಬರೆದು ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಗೆ ಅಂಟಿಸಿ. ಅದರ ಕೆಳಗೆ ಉಪ್ಪು-ಸಕ್ಕರೆ ನೀರಿನ ಅಳತೆಯನ್ನೂ ದಪ್ಪ ಅಕ್ಷರದಲ್ಲಿ ಬರೆಯಿರಿ. ನಡುರಾತ್ರಿ ಮಗುವಿಗೆ ಭೇದಿ ಶುರುವಾದಾಗ ಯಾರಿಗೂ ನೆನಪಿನಿಂದ ಲೆಕ್ಕ ಹಾಕಲು ಸಮಾಧಾನ ಇರುವುದಿಲ್ಲ. ಮನೆಯ ಗಂಡಸರಿಗೂ ದೊಡ್ಡ ಮಕ್ಕಳಿಗೂ ಆ ಕಾಗದ ಎಲ್ಲಿದೆ ಎಂದು ತೋರಿಸಿಡಿ. ತಾಯಿ ಮನೆಯಲ್ಲಿಲ್ಲದ ಹೊತ್ತಿನಲ್ಲೂ ಅಳತೆ ತಪ್ಪಬಾರದು.